ಹೊಸ ಫೋನಿಗೆ ಹಳೆಯ ಸಂಖ್ಯೆ: ಇ-ಸಿಮ್ ವರ್ಗಾವಣೆಯಲ್ಲಿ ಇರಬೇಕಾದ ಎಚ್ಚರ

ಸತ್ಯಶುದ್ಧ ಕಾಯಕದಿಂದ ಬಂದ ಗಳಿಕೆಯನ್ನು ಜೋಪಾನ ಮಾಡುವುದೂ ಗೃಹಸ್ಥರ ಕರ್ತವ್ಯವೇ ಆಗಿದೆ. ಆ ಗಳಿಕೆಯ ಬೀಗದ ಕೈ ಇಂದು ಮೊಬೈಲ್ ಸಂಖ್ಯೆಯಲ್ಲಿದೆ. ನಮ್ಮ ಕೋರ ಹೋಬಳಿಯ ಮನೆಗಳಲ್ಲಿ ತೆಂಗು ಮಾರಿದ ಹಣ, ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಸಂಬಳ, ಹಿರಿಯರ ಪಿಂಚಣಿ ಎಲ್ಲವೂ ಬ್ಯಾಂಕನ್ನು ಸೇರುತ್ತವೆ, ಬ್ಯಾಂಕಿನ ಒ.ಟಿ.ಪಿ. ಈ ಸಂಖ್ಯೆಗೇ ಬರುತ್ತದೆ.

ಹಿಂದೆ ಫೋನು ಬದಲಿಸಿದಾಗ ಸಿಮ್ ಕಾರ್ಡನ್ನು ತೆಗೆದು ಹೊಸದಕ್ಕೆ ಹಾಕಿದರೆ ಸಾಕಾಗಿತ್ತು. ಇ-ಸಿಮ್‌ನಲ್ಲಿ ಹಾಗೆ ತೆಗೆದಿಡುವ ಕಾರ್ಡೇ ಇಲ್ಲ. ಫೋನಿನೊಳಗೇ ಕೂಡಿಸಿರುವ ಚಿಪ್ಪಿಗೆ ನಮ್ಮ ಸಂಖ್ಯೆಯ ವಿವರ ಅಂತರಜಾಲದ ಮೂಲಕ ಬಂದು ಸೇರುತ್ತದೆ. ಆದ್ದರಿಂದ ವರ್ಗಾವಣೆಗೆ ಕಂಪನಿಯ ಒಪ್ಪಿಗೆ ಬೇಕು.

ಮೊದಲು ಹೊಸ ಫೋನಿನಲ್ಲಿ *#06# ಒತ್ತಿ, 32 ಅಂಕಿಗಳ ಇ.ಐ.ಡಿ. ಕಾಣುವುದೇ ಎಂದು ನೋಡಬೇಕು. ಬಳಿಕ ಕಂಪನಿಯ ಅಧಿಕೃತ ಆ್ಯಪ್‌ನಲ್ಲಾಗಲಿ, ಗುರುತಿನ ಚೀಟಿಯೊಡನೆ ತುಮಕೂರಿನ ಮಳಿಗೆಗೆ ಹೋಗಿಯಾಗಲಿ ಕೋರಿಕೆ ಸಲ್ಲಿಸಬೇಕು. ಸಾಮಾನ್ಯವಾಗಿ ಕ್ಯೂ.ಆರ್. ಚಿತ್ರವೊಂದು ದೊರೆಯುತ್ತದೆ, ಹೊಸ ಫೋನಿಗೆ ವೈ-ಫೈ ಸಂಪರ್ಕ ಕೊಟ್ಟು ಅದನ್ನು ಸ್ಕ್ಯಾನ್ ಮಾಡಬೇಕು. ಹೊಸ ಫೋನಿನಲ್ಲಿ ಕರೆ ಬಂದು ಹೋಗುವುದು ಖಚಿತವಾಗುವವರೆಗೆ ಹಳೆಯದರಿಂದ ಇ-ಸಿಮ್ ಅಳಿಸಬಾರದು, ಫೋನನ್ನು ಮಾರಲೂಬಾರದು. ವರ್ಗಾವಣೆಯಾದ ಮೇಲೆ 24 ಗಂಟೆಗಳವರೆಗೆ ಎಸ್.ಎಂ.ಎಸ್. ತಡೆಹಿಡಿಯಲ್ಪಡುವುದುಂಟು. ಅದು ಮೋಸಗಾರರಿಂದ ನಮ್ಮನ್ನು ಕಾಯಲೆಂದೇ ಇರುವ ಏರ್ಪಾಡು. ಆದುದರಿಂದ ಬ್ಯಾಂಕಿನ ತುರ್ತು ಕೆಲಸವಿರುವ ದಿನ ಇದಕ್ಕೆ ಕೈಹಾಕದಿರುವುದು ಒಳಿತು.

ವಂಚಕರ ದಾರಿ ಬೇರೆಯದು. ಕಂಪನಿಯವರೆಂದು ಹೇಳಿಕೊಂಡು ಅವರೇ ಕರೆಮಾಡುತ್ತಾರೆ. ಲಿಂಕ್ ಒತ್ತಿಸಿ ಅಥವಾ ಒ.ಟಿ.ಪಿ. ಕೇಳಿ, ನಮ್ಮ ಸಂಖ್ಯೆಯನ್ನು ತಮ್ಮ ಫೋನಿನ ಇ-ಸಿಮ್‌ಗೆ ಎಳೆದುಕೊಳ್ಳುತ್ತಾರೆ. ಆಗ ನಮ್ಮ ಫೋನಿನ ಸಿಗ್ನಲ್ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ, ಬ್ಯಾಂಕಿನ ಒ.ಟಿ.ಪಿ. ಅವರಿಗೆ ಹೋಗುತ್ತದೆ. ನಾವು ಕೇಳದೆ ಬಂದ ಇ-ಸಿಮ್ ಕೋರಿಕೆಗೆ ಎಂದೂ ಒಪ್ಪಬಾರದು. ಕ್ಯೂ.ಆರ್. ಚಿತ್ರವನ್ನು ಯಾರಿಗೂ ಕಳುಹಿಸಬಾರದು. ಅಕಾರಣವಾಗಿ ಸಿಗ್ನಲ್ ಹೋದರೆ ಮನೆಯ ಇನ್ನೊಬ್ಬರ ಫೋನಿನಿಂದ ಕಂಪನಿಗೂ ಬ್ಯಾಂಕಿಗೂ ತಿಳಿಸಬೇಕು; ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು.

ಮನೆಯ ಹಿರಿಯರಿಗೆ ಹೊಸ ಫೋನು ಕೊಡಿಸುವ ಮಕ್ಕಳು, ಅರ್ಧ ದಿನ ಪಕ್ಕದಲ್ಲಿ ಕುಳಿತು ಈ ಕೆಲಸವನ್ನೂ ಮುಗಿಸಿಕೊಡಲಿ. ಫೋನಿಗಿಂತ ಅದೇ ದೊಡ್ಡ ಉಡುಗೊರೆಯೆಂದು ನಾವು ಭಾವಿಸುತ್ತೇವೆ.