ಕಂಪ್ಯೂಟರ್ ವೆಚ್ಚ: ವಿಶ್ವವಿದ್ಯಾಲಯದ ಲೆಕ್ಕ ತಪ್ಪುವುದೆಲ್ಲಿ?

ಹಾಸನ: ವಿಶ್ವವಿದ್ಯಾಲಯವೊಂದು ಮಾಹಿತಿ ತಂತ್ರಜ್ಞಾನಕ್ಕೆ ವರ್ಷಕ್ಕೆ ಎಷ್ಟು ವೆಚ್ಚ ಮಾಡುತ್ತದೆ? ಆಯವ್ಯಯ ಪತ್ರದಲ್ಲಿ ಕಂಪ್ಯೂಟರ್ ಖರೀದಿಯ ಎದುರು ನಮೂದಾದ ಮೊತ್ತವನ್ನೇ ಉತ್ತರವೆಂದು ಭಾವಿಸಿದರೆ ಲೆಕ್ಕ ತಪ್ಪುತ್ತದೆ.

ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿ 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. 2025ರ ಆರಂಭದಲ್ಲಿ ಸಚಿವ ಸಂಪುಟದ ಉಪಸಮಿತಿಯು ಹಣ ಹಾಗೂ ಸೌಲಭ್ಯದ ಕೊರತೆಯ ಕಾರಣ ನೀಡಿ, ಇದೂ ಸೇರಿದಂತೆ 9 ಹೊಸ ವಿವಿಗಳನ್ನು ಮುಚ್ಚುವ ಪ್ರಸ್ತಾವವನ್ನು ಮುಂದಿಟ್ಟಿತು. ಅಳಿವು ಉಳಿವು ಖರ್ಚಿನ ಮೇಲೆ ನಿಂತಾಗ, ಲೆಕ್ಕಕ್ಕೆ ಯಾವುದು ಸೇರಿದೆ, ಯಾವುದು ಬಿಟ್ಟುಹೋಗಿದೆ ಎಂಬುದನ್ನು ನೋಡಲೇಬೇಕು.

ಯುಪಿಎಸ್ ಬ್ಯಾಟರಿ, ವಿದ್ಯುತ್ ಬಿಲ್, ಗುತ್ತಿಗೆ ತಂತ್ರಜ್ಞರ ಸಂಬಳ ಇವೆಲ್ಲ ಬೇರೆ ಬೇರೆ ಲೆಕ್ಕಶೀರ್ಷಿಕೆಗಳಡಿ ಹಂಚಿಹೋಗುತ್ತವೆ. ಪ್ರವೇಶ, ಪರೀಕ್ಷೆ, ಫಲಿತಾಂಶಗಳನ್ನು ನಿರ್ವಹಿಸುವ ಯುಯುಸಿಎಂಎಸ್ ತಂತ್ರಾಂಶ ರಾಜ್ಯ ಸರ್ಕಾರದ್ದು. 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯಡಿ ದೇಶದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ವಿದ್ಯುನ್ಮಾನ ನಿಯತಕಾಲಿಕೆ ಒದಗಿಸಲು ಕೇಂದ್ರ ಸರ್ಕಾರ 2025ರಿಂದ 2027ರವರೆಗೆ 6,000 ಕೋಟಿ ರೂ. ನಿಗದಿಪಡಿಸಿದೆ. ಅರ್ಜಿ ತುಂಬಲು ವಿದ್ಯಾರ್ಥಿ ಸೈಬರ್ ಕೇಂದ್ರಕ್ಕೆ ತೆರುವ ಹಣವಂತೂ ಯಾವ ಕಡತಕ್ಕೂ ಸೇರದು.

ಭಾಗಿಸುವಾಗಲೂ ತೊಡಕಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಹಣ ಬರುವುದು ಕಾಲೇಜು ಶಿಕ್ಷಣ ಇಲಾಖೆಯಿಂದ, ವಿವಿಯಿಂದಲ್ಲ. ಆದರೆ ಅಲ್ಲಿನ ವಿದ್ಯಾರ್ಥಿಗಳ ಪರೀಕ್ಷೆ ನಡೆಸುವ ಹೊಣೆ ವಿವಿಯದು. ಉದಾಹರಣೆಗೆ, ವಿವಿಯೊಂದರ ವೆಚ್ಚ 1 ಕೋಟಿ ರೂ. ಎಂದುಕೊಳ್ಳೋಣ. ಆವರಣದ 1,000 ವಿದ್ಯಾರ್ಥಿಗಳಿಗೆ ಹಂಚಿದರೆ ತಲಾ 10,000 ರೂ.; ಸಂಯೋಜಿತ ಕಾಲೇಜುಗಳೂ ಸೇರಿ 20,000 ಮಂದಿಗೆ ಹಂಚಿದರೆ ತಲಾ 500 ರೂ. ಮಾತ್ರ. ಎರಡೂ ಸರಿಯೇ, ಯಾವುದನ್ನು ಹೇಳಲಾಗುತ್ತಿದೆ ಎಂಬುದನ್ನು ಮುಚ್ಚಿಡದಿದ್ದರೆ.

ಖರೀದಿಯನ್ನು ಒಂದೇ ವರ್ಷದ ತಲೆಗೆ ಕಟ್ಟುವುದೂ ಸಲ್ಲದು. ಐದು ವರ್ಷ ಬಾಳುವ 10 ಲಕ್ಷ ರೂ. ಪ್ರಯೋಗಾಲಯದ ವಾರ್ಷಿಕ ವೆಚ್ಚ 2 ಲಕ್ಷ ರೂ.

ಅಮೆರಿಕದ ಎಜುಕಾಸ್ ಸಂಸ್ಥೆ 2002ರಿಂದಲೇ ಒಂದೇ ಮಾದರಿಯ ನಮೂನೆಯಲ್ಲಿ ಇಂಥ ಮಾಹಿತಿ ಸಂಗ್ರಹಿಸುತ್ತ ಬಂದಿದ್ದು, ಒಟ್ಟು ವೆಚ್ಚದ ಶೇಕಡಾವಾರು ಹಾಗೂ ತಲಾ ವೆಚ್ಚದ ಹೋಲಿಕೆ ಅಲ್ಲಿ ಸಾಧ್ಯವಾಗಿದೆ. ನಮ್ಮ ಎನ್‌ಐಆರ್‌ಎಫ್ ನಮೂನೆ ಗ್ರಂಥಾಲಯ, ಪ್ರಯೋಗಾಲಯ ಉಪಕರಣಗಳ ವೆಚ್ಚವನ್ನು ಕೇಳುತ್ತದೆ. ಮಾಹಿತಿ ತಂತ್ರಜ್ಞಾನಕ್ಕೆಂದು ಪ್ರತ್ಯೇಕ ಸಾಲಿಲ್ಲ.

ವಿವಿ ಮುಚ್ಚಿದರೂ ತಾಲ್ಲೂಕು ಕಾಲೇಜುಗಳ ಇಂಟರ್ನೆಟ್ ಬಿಲ್ ಆಗಲಿ, ರಾಜ್ಯದ ತಂತ್ರಾಂಶದ ಖರ್ಚಾಗಲಿ ನಿಲ್ಲುವುದಿಲ್ಲ. ಉಳಿತಾಯವೆಂದು ತೋರಿಸಬಹುದಾದದ್ದು ಹೇಮಗಂಗೋತ್ರಿಯ ಆಡಳಿತ ಕಚೇರಿಯ ಪಾಲನ್ನಷ್ಟೇ.