ಪರದೇಶದಲ್ಲಿ ಪೆಪರೋನಿ ಪ್ರಸಂಗ

‘ದೇಶ ಸುತ್ತು, ಕೋಶ ಓದು’ ಎಂಬುದು ಹಿರಿಯರ ಮಾತು. ದೇಶ ಸುತ್ತ ಹೊರಟವನು ಕೋಶವನ್ನು ಮೊದಲೇ ಓದಿಕೊಂಡಿರಬೇಕೆಂಬ ಅರಿವು ನನಗಾದದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ, ಅಮೆರಿಕೆಯ ಒಂದು ಊಟದ ಮೇಜಿನ ಮುಂದೆ.

ನಾವು ಹಾವೇರಿ ತಾಲ್ಲೂಕಿನ ಕರ್ಜಗಿಯವರು. ಮಗ ಜರ್ಮನಿಯಲ್ಲಿ, ಮಗಳು ಅಮೆರಿಕೆಯಲ್ಲಿ. 2014ರಲ್ಲಿ ನಾನೂ ನನ್ನ ಪತ್ನಿಯೂ ಮಗನಲ್ಲಿಗೆ ಹೋಗಿದ್ದೆವು. ರೊಟ್ಟಿ, ಚಟ್ನಿಪುಡಿಗಳ ಗಂಟು ಕರಗಿದ ಮೇಲೆ ನಾಲಿಗೆ ಖಾರಕ್ಕೆ ಹಂಬಲಿಸತೊಡಗಿತು. ಆಗ ಮಗನು ಪಿಜ್ಜಾದ ಮೇಲೆ ‘ಪೆಪೆರೋನಿ’ ಹಾಕಿಸಿ ತಂದನು. ನೋಡಿದರೆ ಅಪ್ಪಟ ಮೆಣಸಿನಕಾಯಿ! ಕರ್ಜಗಿಯವರಿಗೆ ಮೆಣಸಿನಕಾಯಿಯ ಮೇಲಿನ ಮೋಹವನ್ನು ಯಾರೂ ಕಲಿಸಬೇಕಾಗಿಲ್ಲ. ಬ್ಯಾಡಗಿಯ ಪೇಟೆ ನಮಗೆ ನೆರೆಮನೆಯಿದ್ದಂತೆ. ಆ ಒಂದು ಶಬ್ದವನ್ನು ಮಂತ್ರದಂತೆ ಬಾಯಿಪಾಠ ಮಾಡಿಕೊಂಡೆನು.

2017ರಲ್ಲಿ ಮಗಳ ಮನೆಗೆ ಹೋದಾಗ ಆ ಪಾಂಡಿತ್ಯವನ್ನು ಮೆರೆಸುವ ಅವಕಾಶ ಒದಗಿತು. ಒಂದು ಸಂಜೆ ಊಟದಂಗಡಿಯೊಂದರಲ್ಲಿ ಮಗಳು ಕೂಸನ್ನು ಕೈ ತೊಳೆಸಲು ಕರೆದೊಯ್ದಿದ್ದಳು. ಬಡಿಸುವ ಹುಡುಗನು ಬಂದು ಕೇಳಿದೊಡನೆ ನಾನು ಗತ್ತಿನಿಂದ ‘ಪೆಪರೋನಿ’ ಎಂದೆನು. ಪಿಜ್ಜಾ ಬಂದಿತು. ಅದರ ಮೇಲೆ ದುಂಡನೆಯ ಕೆಂಪು ಬಿಲ್ಲೆಗಳು, ಅಂಚಿನಲ್ಲಿ ಜಿನುಗುವ ಕೆಂಪು ಎಣ್ಣೆ.

“ನೋಡಿಲ್ಲಿ, ಥೇಟ್ ನಮ್ಮ ಬ್ಯಾಡಗಿ ಬಣ್ಣ!” ಎಂದೆನು.

ಪತ್ನಿ ಒಂದು ತುತ್ತು ಕಚ್ಚಿ, “ಬಣ್ಣ ಐತ್ರಿ, ಖಾರ ಅಷ್ಟಿಲ್ಲ” ಎಂದಳು.

“ಅದs ಬ್ಯಾಡಗಿ ಲಕ್ಷಣ!” ಎಂದು ನಾನು ತೀರ್ಪು ಕೊಟ್ಟೆನು.

ಅಷ್ಟರಲ್ಲಿ ಮರಳಿ ಬಂದ ಎಂಟು ವರ್ಷದ ಮೊಮ್ಮಗಳು ಕೂಗಿಕೊಂಡಳು: “ಅಜ್ಜೀ, ಅದು ಮೆಣಸಿನಕಾಯಿ ಅಲ್ಲ, ಹಂದಿ!”

ನಗುವ ಸಂಗತಿಯೇ ಹೌದು. ಆದರೆ ಆ ಹೊತ್ತಿನಲ್ಲಿ ಯಾರೂ ನಗಲಿಲ್ಲ. ಹುಟ್ಟಿದಾರಭ್ಯ ಶಾಕಾಹಾರಿಯಾದ, ನಿತ್ಯವೂ ಲಿಂಗಪೂಜೆಯಿಲ್ಲದೆ ನೀರನ್ನೂ ಮುಟ್ಟದ ಹೆಣ್ಣುಮಗಳು ಸದ್ದಿಲ್ಲದೆ ಎದ್ದು ಹೋಗಿ ಬಾಯಿ ತೊಳೆದು ಬಂದಳು. ಆ ರಾತ್ರಿ ಊಟ ಮಾಡಲಿಲ್ಲ. ತಾನು ಜೊತೆಗಿರದೆ ಹೀಗಾಯಿತೆಂದು ಮಗಳು ಕಣ್ಣೀರಿಟ್ಟಳು. ತಪ್ಪು ಅವಳದಲ್ಲ, ಅಂಗಡಿಯವರದೂ ಅಲ್ಲ. ಕೇಳಿದ್ದನ್ನೇ ಅವರು ಕೊಟ್ಟಿದ್ದರು. ಎಲ್ಲವೂ ನನ್ನ ಅರೆಪಾಂಡಿತ್ಯದ ಫಲ.

ಆಮೇಲೆ ಕೋಶ ತೆಗೆದು ನೋಡಿದೆನು. ಇಟಲಿಯಲ್ಲಿ ‘ಪೆಪೆರೋನಿ’ ಎಂದರೆ ದೊಣ್ಣೆ ಮೆಣಸಿನಕಾಯಿ. ಜರ್ಮನಿಯಲ್ಲಿ ಖಾರದ ಮೆಣಸಿನಕಾಯಿ. ಅಮೆರಿಕೆಗೆ ವಲಸೆ ಹೋದ ಇಟಲಿಯ ಜನರು 20ನೆಯ ಶತಮಾನದ ಆರಂಭಕಾಲದಲ್ಲಿ ಹಂದಿ ಮತ್ತು ದನದ ಮಾಂಸಕ್ಕೆ ಮೆಣಸಿನಪುಡಿ ಬೆರೆಸಿ ಮಾಡಿದ ಒಂದು ಬಗೆಯ ತಿನಿಸಿಗೆ ಅದೇ ಹೆಸರು ಅಂಟಿಕೊಂಡಿತು. ನಾನು ಮೆಚ್ಚಿದ ಆ ಬಣ್ಣ ಮೆಣಸಿನಕಾಯಿಯದೇ. ಒಡಲು ಮಾತ್ರ ಬೇರೆಯದು.

ಇನ್ನೂ ಸೋಜಿಗವೆಂದರೆ, ಈ ಶಬ್ದದ ತವರೂರು ನಮ್ಮ ದೇಶವೇ. ಸಂಸ್ಕೃತದ ‘ಪಿಪ್ಪಲೀ’, ನಮ್ಮ ‘ಹಿಪ್ಪಲಿ’, ಗ್ರೀಕರ ಬಾಯಿಯಲ್ಲಿ ‘ಪೆಪೆರಿ’ಯಾಗಿ, ಲ್ಯಾಟಿನ್ನಿನಲ್ಲಿ ‘ಪಿಪೆರ್’ ಆಗಿ, ಕರಿಮೆಣಸಿನ ಹೆಸರಾಗಿ ಪಡುವಣ ದೇಶಗಳಲ್ಲೆಲ್ಲ ಹಬ್ಬಿತು. 1492ರಲ್ಲಿ ಭಾರತವನ್ನು ಅರಸಿ ಹೊರಟ ಕೊಲಂಬಸನು ಅಮೆರಿಕೆಯ ಕಡೆಯ ದ್ವೀಪಗಳನ್ನು ಸೇರಿದಾಗ ಅಲ್ಲಿ ಕಂಡ ಖಾರದ ಕಾಯಿಗೂ ಅದೇ ಹೆಸರು ಬಿದ್ದಿತು. ಅವನನ್ನು ನೋಡಿ ನಗುವ ಹಾಗೂ ಇಲ್ಲ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಆ ಕಾಯಿ ನಮ್ಮಲ್ಲಿಗೆ ಬಂದಾಗ ನಾವೂ ಮೆಣಸಿನ ಹೆಸರನ್ನೇ ಮುಂದುಮಾಡಿ ‘ಮೆಣಸಿನಕಾಯಿ’ ಎಂದೆವು. ಹೀಗೆ ಹೊರಗಿನಿಂದ ಬಂದ ಕಾಯಿ ನಮ್ಮ ನೆಲದಲ್ಲಿ ಬೇರೂರಿ, ಬ್ಯಾಡಗಿಯ ಹೆಸರಿನಲ್ಲಿ 2011ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯನ್ನೂ ಪಡೆಯಿತು. ನಮ್ಮಿಂದ ಹೋದ ಹೆಸರು ಮಾತ್ರ ಲೋಕವನ್ನೆಲ್ಲ ಸುತ್ತಿ ನಮ್ಮ ಊಟದ ಮೇಜಿಗೆ ವೇಷ ಮರೆಸಿಕೊಂಡು ಬಂದಿತು!

ಮಕ್ಕಳ ಬಳಿಗೆ ಹೋಗುವ ತಾಯಿತಂದೆಯರು ಈಗ ಬಹಳ ಮಂದಿ. ಅವರಿಗೆ ಒಂದು ಮಾತು. ಭಕ್ಷ್ಯದ ಹೆಸರನ್ನು ನಂಬಬೇಡಿರಿ. ಅದರಲ್ಲಿ ಏನೇನಿದೆಯೆಂದು ಕೇಳಿರಿ. ನಮ್ಮ ದೇಶದ ಪೊಟ್ಟಣಗಳ ಮೇಲಿರುವಂತೆ ಹಸಿರು ಚುಕ್ಕೆಯನ್ನು ಎಲ್ಲ ಕಡೆ ನಿರೀಕ್ಷಿಸಲಾಗದು. ಜಪಾನಿನಲ್ಲಿ ‘ನಿಕು’ ಬೇಡವೆಂದರೆ ಮಾಂಸ ತಪ್ಪುತ್ತದೆ, ಮೀನು ತಪ್ಪುವುದಿಲ್ಲ; ಅಲ್ಲಿಯ ತಿಳಿಸಾರಿನಲ್ಲಿ ಒಣಮೀನಿನ ರಸ ಸಾಮಾನ್ಯ. ಥಾಯ್ಲೆಂಡಿನಲ್ಲಿ ‘ಜೇ’ ಎಂದು ಕೇಳಿದರೆ ಮಾಂಸ, ಮೀನು, ಮೊಟ್ಟೆ ಯಾವುದೂ ಬಾರದು. ಮಿಠಾಯಿಗಳಲ್ಲಿ ಬೆರೆಸುವ ಜಿಲೆಟಿನ್ ಪ್ರಾಣಿಜನ್ಯವೆಂಬುದೂ ನೆನಪಿರಲಿ.

ಮರುದಿನ ಬೆಳಗ್ಗೆ ಪತ್ನಿ ಸ್ನಾನ, ಪೂಜೆ ಮುಗಿಸಿ ಅಡಿಗೆಮನೆಗೆ ಬಂದಳು. ಮಗಳು ತಲೆ ತಗ್ಗಿಸಿ ನಿಂತಿದ್ದಳು. “ತಿಳೀದs ಆದದ್ದಕ್ಕ ನೀ ಯಾಕ ಅಳ್ತೀಯವ್ವಾ? ತಿಳಕೊಂಡು ಮುಂದ ನಡೆಯೋಣು” ಎಂದು ಅವಳ ಬೆನ್ನು ಸವರಿ, ಒಲೆ ಹೊತ್ತಿಸಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಳು. ಮೊಮ್ಮಗಳು ಒಂದು ದಪ್ಪ ಕಾಗದದ ಮೇಲೆ ಹಂದಿ, ದನ, ಕೋಳಿ, ಮೀನು, ಮೊಟ್ಟೆಗಳ ಚಿತ್ರ ಬರೆದು, ಒಂದೊಂದರ ಮೇಲೂ ಕೆಂಪು ಗೀಟೆಳೆದು ಅಜ್ಜಿಗೆ ಕೊಟ್ಟಳು. ಆ ಚೀಟಿ ಇಂದಿಗೂ ಅವಳ ಪ್ರಯಾಣದ ಕೈಚೀಲದಲ್ಲಿದೆ. ಎಲ್ಲಿಗೆ ಹೋದರೂ ಮೊದಲು ಅದನ್ನು ಮೇಜಿನ ಮೇಲೆ ಇಡುತ್ತಾಳೆ. ಊಟ ಹೇಳುವ ಅಧಿಕಾರ ಮಾತ್ರ ನನಗೆ ಈವರೆಗೆ ಮರಳಿ ದೊರೆತಿಲ್ಲ.