ಕುಂಟೆಬಿಲ್ಲೆ ಬಲ್ಲವರಿಗೆ ಫುಟ್‌ಬಾಲ್ ಕಷ್ಟವೇ?

ಆಟದ ಪಿರಿಯಡ್ಡಿನ ಗಂಟೆ ಬಾರಿಸುತ್ತದೆ. ಮಕ್ಕಳೆಲ್ಲ ‘ಹೋ’ ಎಂದು ಮೈದಾನಕ್ಕೆ ನುಗ್ಗುತ್ತಾರೆ. ಒಬ್ಬ ಹುಡುಗ ಮಾತ್ರ ಮರದ ನೆರಳಿನಲ್ಲಿ ಉಳಿಯುತ್ತಾನೆ. ಪಕ್ಕದಲ್ಲಿ ಊರುಗೋಲು. ಸುತ್ತ ಗೆಳೆಯರ ಚೀಲ, ಚಪ್ಪಲಿ, ನೀರಿನ ಬಾಟಲಿ. ‘ನೀನು ಇಲ್ಲೇ ಕೂತ್ಕೊಂಡು ಇವನ್ನ ನೋಡ್ಕೋ ಮರಿ, ಬಿದ್ದುಗಿದ್ದೀಯ’ ಎಂದು ಮೇಷ್ಟ್ರು ಹೇಳಿದ್ದಾರೆ. ಅದರಲ್ಲಿ ಕೆಟ್ಟ ಮನಸ್ಸಿಲ್ಲ, ಕರುಣೆಯೇ ಇದೆ. ಆದರೆ ಹತ್ತು ವರ್ಷದ ಶಾಲೆಯಲ್ಲಿ ಹತ್ತು ವರ್ಷವೂ ಚೀಲ ಕಾಯುವ ಮಗುವಿಗೆ ಆ ಕರುಣೆಯಿಂದ ಏನು ಸಿಕ್ಕಿತು?

ಇಂಥ ದೃಶ್ಯ ಹಲವು ಶಾಲೆಗಳಲ್ಲಿ ಕಾಣಸಿಗುತ್ತದೆ. ಆ ಹುಡುಗನಿಗೂ ಅವನ ಅಪ್ಪ ಅಮ್ಮನಿಗೂ ಹೇಳಬೇಕಾದ ಒಂದು ಸುದ್ದಿಯಿದೆ. ಜಗತ್ತಿನ ಅತ್ಯುತ್ತಮ ಗೋಲಿಗೆ ಫೀಫಾ ಕೊಡುವ 2022ರ ಪುಷ್ಕಾಸ್ ಪ್ರಶಸ್ತಿ ಸಂದದ್ದು ಎರಡು ಊರುಗೋಲಿನ ಮೇಲೆ ಆಡುವ ಒಂಟಿ ಕಾಲಿನ ಆಟಗಾರನಿಗೆ! ಆತ ಪೋಲೆಂಡಿನ ಮಾರ್ಚಿನ್ ಒಲೆಕ್ಸಿ. ಅಪಘಾತದಲ್ಲಿ ಕಾಲು ಕಳೆದುಕೊಂಡವನು. ಗಾಳಿಯಲ್ಲಿ ಬಂದ ಚೆಂಡನ್ನು ಮೈಯೆಲ್ಲ ಗಾಳಿಗೆ ಎಸೆದು ಒದ್ದ ಆ ಗೋಲಿನ ಮುಂದೆ ಬ್ರೆಜಿಲ್‌ನ ರಿಚಾರ್ಲಿಸನ್, ಫ್ರಾನ್ಸಿನ ಪಾಯೆ ಹಿಂದೆ ಬಿದ್ದರು.

ಇದೆಂಥ ಆಟ?

ಈ ಆಟದ ಮೂಲ ಅಮೆರಿಕದ ಸಿಯಾಟಲ್ ನಗರ. ಒಂದು ಕಾಲು ಕಳೆದುಕೊಂಡಿದ್ದ ಡಾನ್ ಬೆನೆಟ್ ಎಂಬಾತ 1980ರ ದಶಕದ ಆರಂಭದಲ್ಲಿ ಇದಕ್ಕೊಂದು ರೂಪ ಕೊಟ್ಟ. ನಿಯಮಗಳು ಸರಳ. ಒಂದು ತಂಡಕ್ಕೆ ಏಳು ಜನ. ಮೈದಾನದಲ್ಲಿ ಓಡಾಡುವ ಆರು ಮಂದಿಗೆ ಒಂದೇ ಕಾಲು. ಗೋಲ್‌ಕೀಪರ್‌ಗೆ ಎರಡು ಕಾಲು, ಒಂದೇ ಕೈ. ಆರು ಮಂದಿಯೂ ಕೃತಕ ಕಾಲನ್ನು ಕಳಚಿಟ್ಟು, ಮುಂಗೈಗೆ ಹಿಡಿಕೆಯಿರುವ ಊರುಗೋಲಿನ ಮೇಲೆ ಆಡಬೇಕು. ಬೇಕೆಂದು ಊರುಗೋಲಿನಿಂದ ಚೆಂಡು ತಳ್ಳಿದರೆ ಅದು ಕೈಯಿಂದ ಮುಟ್ಟಿದ ತಪ್ಪಿಗೆ ಸಮ. ಗೋಲ್‌ಕೀಪರ್ ತನ್ನ ಆವರಣ ಬಿಟ್ಟು ಹೊರಬರುವಂತಿಲ್ಲ. ಆಫ್‌ಸೈಡ್ ಇಲ್ಲ. ತಲಾ 25 ನಿಮಿಷಗಳ ಎರಡು ಅವಧಿ.

ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಇದು ಹೊಸದೇನಲ್ಲ. ಅಂಗಳದಲ್ಲಿ ಮನೆ ಬರೆದು ಆಡುವ ಕುಂಟೆಬಿಲ್ಲೆಯಲ್ಲೂ ಎಲ್ಲರೂ ಒಂದು ಕಾಲು ಮಡಚಲೇಬೇಕು. ನಿಯಮ ಎಲ್ಲರಿಗೂ ಒಂದೇ ಆದಾಗ ಕುಂಟುವುದು ಕೊರತೆಯಲ್ಲ, ಆಟ! ಬೆನೆಟ್‌ನ ಫುಟ್‌ಬಾಲಿನ ಗುಟ್ಟೂ ಅದೇ.

ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ನಡೆದ ಅಂತರ್ಯುದ್ಧದಲ್ಲಿ ಅಸಂಖ್ಯ ಜನರ ಕೈಕಾಲು ಕಡಿಯಲಾಯಿತು. ಅವರಲ್ಲಿ ಹಲವು ಯುವಕರು ಮತ್ತೆ ಎದ್ದು ನಿಂತದ್ದು ಈ ಆಟದಿಂದ. 2017ರಲ್ಲಿ ಇಸ್ತಾನ್‌ಬುಲ್‌ನಲ್ಲಿ ಟರ್ಕಿ ಮತ್ತು ಇಂಗ್ಲೆಂಡ್ ನಡುವಿನ ಯೂರೋಪಿಯನ್ ಫೈನಲ್ ನೋಡಲು 40 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅವರು ಬಂದದ್ದು ಮರುಕದಿಂದಲ್ಲ, ಆಟದ ರುಚಿಯಿಂದ.

ನಮ್ಮವರು ಕಡಿಮೆಯೇ?

ಕುಣಿಗಲ್ ದಾಟಿ ಹೆದ್ದಾರಿಯಲ್ಲಿ ಹಾಗೇ ಮುಂದೆ ಹೋದರೆ ಹಾಸನ ಜಿಲ್ಲೆ. ಅಲ್ಲಿನ ರೈತ ಕುಟುಂಬದ ಹುಡುಗ ಎಚ್.ಎನ್. ಗಿರೀಶ. ಹುಟ್ಟಿನಿಂದಲೇ ಎಡಗಾಲಿನಲ್ಲಿ ದೋಷ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಆ ಕೂಟದಲ್ಲಿ ಭಾರತಕ್ಕೆ ದೊರೆತದ್ದು ಅದೊಂದೇ ಪದಕ.

ಅವರಿಗಿಂತ ಹಿಂದಿನವರು ಬೆಂಗಳೂರಿನ ಮಾಲತಿ ಹೊಳ್ಳ. ಕೂಸಾಗಿದ್ದಾಗಲೇ ಜ್ವರ ಬಂದು ಮೈ ಸ್ವಾಧೀನ ತಪ್ಪಿತು. 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಆದರೂ ಗಾಲಿಕುರ್ಚಿಯ ಮೇಲೆ ಓಡಿದರು, ಗುಂಡು ಎಸೆದರು, 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಪಡೆದರು. ಮಾತೃ ಫೌಂಡೇಶನ್ ಮೂಲಕ ಅಂಗವಿಕಲ ಮಕ್ಕಳಿಗೆ ಆಸರೆಯಾದರು. ಬೆಂಗಳೂರಿನ ಈಜುಗಾರ ಶರತ್ ಗಾಯಕ್‌ವಾಡ್ 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟವೊಂದರಲ್ಲೇ ಆರು ಪದಕ ಗೆದ್ದರು. ಚಿಕ್ಕಮಗಳೂರು ಜಿಲ್ಲೆಯ ಕಣ್ಣಿಲ್ಲದ ಓಟಗಾರ್ತಿ ರಕ್ಷಿತಾ ರಾಜು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ವರೆಗೂ ಓಡಿದರು.

ಇವರೆಲ್ಲ ಒಬ್ಬೊಬ್ಬರಾಗಿ ಹೋರಾಡಿ ಗೆದ್ದವರು. ಫುಟ್‌ಬಾಲ್ ಹಾಗಲ್ಲ, ಅದಕ್ಕೆ ಜೊತೆಗಾರರು ಬೇಕು. ‘ನನ್ನಂಥವನು ನಾನೊಬ್ಬನೇ’ ಎಂದುಕೊಂಡ ಹುಡುಗನಿಗೆ ಆರು ಮಂದಿ ಗೆಳೆಯರು ಸಿಗುವುದು ಪದಕಕ್ಕಿಂತ ದೊಡ್ಡ ಲಾಭ.

ಮೂರು ಊರು, ಒಂದು ತಂಡ

ಕುಣಿಗಲ್ಲಿನಲ್ಲಿ ಇಂಥ ತಂಡ ಕಟ್ಟಲು ಸಾಧ್ಯವೇ? ಒಂದೇ ತಾಲ್ಲೂಕಿನಲ್ಲಿ ಏಳು ಆಟಗಾರರು ಸಿಗುವುದು ಕಷ್ಟ. ಆದರೆ ಕುಣಿಗಲ್, ಗುಬ್ಬಿ, ತುಮಕೂರು ಸೇರಿದರೆ ಕಷ್ಟವಲ್ಲ. ಊರೂರಿನ ಕಲಾವಿದರನ್ನು ಕೂಡಿಸಿ ನಾಟಕ ಕಂಪನಿ ನಡೆಸಿದ ಗುಬ್ಬಿ ವೀರಣ್ಣನವರ ನಾಡಿಗೆ ಈ ಕೂಡಿಸುವ ವಿದ್ಯೆ ಗೊತ್ತಿದೆ. ತಿಂಗಳಿಗೆ ಎರಡು ಭಾನುವಾರ ಒಂದೆಡೆ ಸೇರಿದರೂ ಆರಂಭಕ್ಕೆ ಸಾಕು.

ಬೇಕಾದದ್ದೂ ಹೆಚ್ಚೇನಲ್ಲ. ಕಲ್ಲು, ಗುಂಡಿಗಳಿಲ್ಲದ ಸಮತಟ್ಟು ಜಾಗ. ತುದಿಯ ರಬ್ಬರು ಸವೆಯದ, ಎತ್ತರಕ್ಕೆ ಸರಿಹೊಂದುವ ಊರುಗೋಲು. ಹತ್ತಿರದಲ್ಲೇ ಶೌಚಾಲಯ. ದೇಹದ ಭಾರವೆಲ್ಲ ಅಂಗೈ, ಭುಜಗಳ ಮೇಲೆ ಬೀಳುವುದರಿಂದ ಮೊದಲ ವಾರಗಳಲ್ಲಿ ಬೊಬ್ಬೆ ಏಳಬಹುದು, ಭುಜ ನೋಯಬಹುದು. ಆದ್ದರಿಂದ ಮೊದಲು ವೈದ್ಯರನ್ನು ಕಂಡು, ಮೈ ಬಿಸಿ ಮಾಡಿಕೊಂಡು, ಸ್ವಲ್ಪಸ್ವಲ್ಪವಾಗಿ ಆಡಬೇಕು. ಬೀಳುವುದನ್ನೂ ಕಲಿಯಬೇಕು, ಬಿದ್ದ ಮೇಲೆ ಏಳುವುದು ಆಟದ ಒಂದು ಪಾಠವೇ.

ಪೋಲಿಯೊ ಅಥವಾ ಬೇರೆ ದೋಷವಿರುವ ಮಕ್ಕಳಿಗೆ ಅಧಿಕೃತ ಪಂದ್ಯದಲ್ಲಿ ಅವಕಾಶ ಸಿಗದಿರಬಹುದು. ಊರಿನ ಆಟಕ್ಕೆ ಆ ಕಟ್ಟಳೆ ಏಕೆ? ಎರಡು ಕಾಲಿರುವ ಗೆಳೆಯರೂ ಒಂದು ಕಾಲು ಮಡಚಿ, ಊರುಗೋಲು ಹಿಡಿದು ಹತ್ತು ನಿಮಿಷ ಆಡಲಿ. ಸುಸ್ತಾಗುವವರು ಯಾರೆಂದು ಆಗ ತಿಳಿಯುತ್ತದೆ!

ಇದು ಯಾರೋ ಕೊಡುವ ದಾನವಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೇ ಕಲಂ ಪಾಠದ ಜೊತೆಗೆ ಆಟದಲ್ಲೂ ಈ ಮಕ್ಕಳಿಗೆ ಇತರರಷ್ಟೇ ಅವಕಾಶವಿರಬೇಕು ಎನ್ನುತ್ತದೆ. ಕ್ರೀಡೆಗಾಗಿಯೇ 30ನೇ ಕಲಂ ಇದೆ. ಶಾಲೆಗೆ ಹೋಗಿ ‘ನಮ್ಮ ಮಗುವಿಗೆ ಆಟದ ಪಿರಿಯಡ್ಡಿನಲ್ಲಿ ಏನು ಆಡಿಸುತ್ತೀರಿ?’ ಎಂದು ತಂದೆ ತಾಯಿ ವಿನಯದಿಂದಲೇ ಕೇಳಬಹುದು.

ವಿದ್ಯಾರ್ಥಿಗಳೇ, ನಿಮ್ಮ ಕೆಲಸ ಇನ್ನೂ ಸುಲಭ. ನಾಳೆ ಗಂಟೆ ಬಾರಿಸಿದಾಗ ಮರದ ಕೆಳಗೆ ಕೂತ ಗೆಳೆಯನ ಬಳಿ ಹೋಗಿ. ಚೀಲಗಳನ್ನು ಮರದ ಕೊಂಬೆಗೆ ನೇತುಹಾಕಿ. ಅವನ್ನು ಕಾಯಲು ಯಾರೂ ಬೇಕಾಗಿಲ್ಲ. ‘ಬಾರೋ, ನಮಗೊಬ್ಬ ಕಮ್ಮಿ ಇದಾನೆ’ ಎಂದು ಕರೆಯಿರಿ. ತಂಡ ಶುರುವಾಗುವುದು ಅಲ್ಲಿಂದಲೇ.